ನ್ಯೂ ಹೇವನ್ನಿಗೆ ಹೊರಟ ಅಳಿಯನಿಗೆ

ಚಿರಂಜೀವಿ ಪುಟ್ಟನಿಗೆ ಸೋದರಮಾವ ಮಾಡುವ ಆಶೀರ್ವಾದಗಳು.

ಅಮೆರಿಕದ ನ್ಯೂ ಹೇವನ್ನಿನಲ್ಲಿರುವ ಯೇಲ್ ವಿಶ್ವವಿದ್ಯಾಲಯಕ್ಕೆ ಸೇರುವ ಮುನ್ನವೇ ಅಲ್ಲಿಯ ಹುಡುಗರಂತೆ ಕಾಣಬೇಕೆಂದು ಪಟ್ಟಿ ಹಿಡಿದು ಅಂಗಡಿ ಅಂಗಡಿ ಸುತ್ತುತ್ತಿದ್ದೀಯೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಬಟ್ಟೆ ಆಮೇಲಾಯಿತು, ಮೊದಲು ತಲೆಯ ವಿಚಾರ. ಅಲ್ಲಿಯ ಹಳೆಯ ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಗುಂಪಾದ ಐವಿ ಲೀಗ್‌ನ ಹೆಸರಿನಲ್ಲೂ ಅವುಗಳಲ್ಲೊಂದಾದ ಪ್ರಿನ್ಸ್‌ಟನ್‌ನ ಹೆಸರಿನಲ್ಲೂ ಕರೆಯುವ ಆ ಕ್ರಾಪು, ನಮ್ಮಲ್ಲಿ ಬೇಸಿಗೆ ರಜೆಗೆ ಹೊಡೆಸುತ್ತಿದ್ದ ಸಮ್ಮರ್ ಕಟ್‌ನ ದೂರದ ನೆಂಟ. ಸೈನಿಕರಂತೆ ಗಿಡ್ಡವಾಗಿ ಹೊಡೆಯುವ ಕ್ರೂ ಕಟ್ಟನ್ನೇ ನೆತ್ತಿಯಲ್ಲಿ ಸ್ವಲ್ಪ ಬೆಳೆಯಬಿಟ್ಟು, ಮುಂದಲೆಯಲ್ಲಿ ಪಕ್ಕಕ್ಕೆ ಬೈತಲೆ ತೆಗೆಯುವಷ್ಟು ಉಳಿಸಿದರೆ ಅದಾಯಿತು.

ಕಟಿಂಗ್ ಶಾಪಿನಲ್ಲಿ ಹೆಸರು ಹೇಳಿದರೆ ಸಾಲದು. 1981ರಲ್ಲಿ ಹೆಸರನ್ನಷ್ಟೇ ಹೇಳಿ ಕುರ್ಚಿಯಲ್ಲಿ ಕಣ್ಣು ಮುಚ್ಚಿದ ನಾನು, ಎದ್ದಾಗ ಪೊಲೀಸ್ ತರಬೇತಿಗೆ ಹೊರಟವನಂತಿದ್ದೆ. ನೀನು ಅಳತೆ ಹೇಳು: ನೆತ್ತಿಯ ಮೇಲೆ ಕತ್ತರಿಯಿಂದಲೇ ಒಂದರಿಂದ ಒಂದೂವರೆ ಇಂಚು, ಮುಂದಲೆಯಲ್ಲಿ ತುಸು ಹೆಚ್ಚು, ಕಿವಿಯ ಮೇಲೆ ಮಷೀನಿನ 4ನೇ ನಂಬರ್, ಅಂದರೆ ಅರ್ಧ ಇಂಚು, ಅಲ್ಲಿಂದ ಇಳಿಯುತ್ತಾ ಕತ್ತಿನ ಬಳಿ 2ನೇ ನಂಬರ್. ಹಿಂಗತ್ತಿನಲ್ಲಿ ಗೆರೆ ಎಳೆದಂತೆ ಚೌಕ ಮಾಡಿಸಬೇಡ. ಕೂದಲು ಚರ್ಮದಲ್ಲಿ ಕರಗಿಹೋದಂತಿದ್ದರೆ ಮೂರು ವಾರ ಬೆಳೆದರೂ ಗೊತ್ತಾಗುವುದಿಲ್ಲ. ಬೈತಲೆ ಎಲ್ಲಿರಬೇಕೆಂಬುದನ್ನು ಸುಳಿಗೇ ಬಿಡು. ನಿನಗಿರುವುದು ಎರಡು ಸುಳಿ (ಎರಡು ಮದುವೆ ಎಂದು ಅಜ್ಜಿ ರೇಗಿಸುತ್ತಿದ್ದದ್ದು ನೆನಪಿದೆಯೇ?), ಆದ್ದರಿಂದ ಹಿಂದೆ ತೀರಾ ಗಿಡ್ಡ ಮಾಡಿಸಿದರೆ ಕೂದಲು ಮುಳ್ಳಿನಂತೆ ನಿಲ್ಲುತ್ತದೆ.

ಬಟ್ಟೆಯ ವಿಷಯದಲ್ಲಿ ನಿನಗೆ ಅಳುಕು ಬೇಡ, ಆ ಐವಿ ಲೀಗ್ ಉಡುಪಿನ ದೊಡ್ಡ ಪಾಲು ನಮ್ಮ ಕಡೆಯದೇ. ಎರಡನೇ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು ಸರ್ಕಾರದ ಖರ್ಚಿನಲ್ಲಿ ಕಾಲೇಜು ಸೇರಿದಾಗ ತೊಟ್ಟು ಬಂದ ಖಾಕಿ ಪ್ಯಾಂಟಿನ ಬಣ್ಣ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹುಟ್ಟಿತೆಂದು ಮಂಗಳೂರಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ಅದೇ ಉಡುಪಿನಲ್ಲಿ ಸೇರಿಹೋದ ಮದ್ರಾಸ್ ಚೌಕಳಿ ಎಂಬ ಹತ್ತಿ ಬಟ್ಟೆಯ ಕಥೆ ಇನ್ನೂ ಸೊಗಸು. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಗವರ್ನರ್ ಆಗಿ ದುಡ್ಡು ಮಾಡಿದ್ದ ಎಲಿಹು ಯೇಲ್, ಬಟ್ಟೆಯೇ ಹೆಚ್ಚಾಗಿದ್ದ ಒಂಬತ್ತು ಮೂಟೆ ಸರಕನ್ನೂ ಪುಸ್ತಕಗಳನ್ನೂ ದಾನವಾಗಿ ಕಳಿಸಿದ್ದರಿಂದಲೇ 1718ರಲ್ಲಿ ನಿನ್ನ ಕಾಲೇಜಿಗೆ ಅವನ ಹೆಸರು ಬಂದಿತು. 1950ರ ದಶಕದ ಕೊನೆಗೆ ಅಮೆರಿಕಕ್ಕೆ ಹೋದ ಮದ್ರಾಸ್ ಬಟ್ಟೆ ಒಗೆದಾಗಲೆಲ್ಲ ಬಣ್ಣ ಬಿಟ್ಟರೆ, ವ್ಯಾಪಾರಿಗಳು 'ಬಣ್ಣ ಬಿಡುವುದು ಖಾತ್ರಿ' ಎಂದೇ ಜಾಹೀರಾತು ಕೊಟ್ಟು ಮಾರಿದರು. ನಿನ್ನ ಅಜ್ಜನ ಲುಂಗಿಯೂ ಹಾಗೆಯೇ ಬಣ್ಣ ಬಿಡುತ್ತಿತ್ತು, ಆದರೆ ಮನೆಯಲ್ಲಿ ಯಾರೂ ಅದನ್ನು ಗುಣವೆಂದು ಹೊಗಳಿದ್ದಿಲ್ಲ.

ಬ್ಲೇಜರು, ಲೋಫರು (ಲೇಸಿಲ್ಲದ ಚರ್ಮದ ಷೂ), ಕಾಲರಿನ ತುದಿಗೆ ಗುಂಡಿಯಿರುವ ಶರ್ಟು ಎಲ್ಲವನ್ನೂ ಒಂದೇ ದಿನ ಹೊಸದಾಗಿ ಕೊಂಡು ತೊಟ್ಟರೆ ನಾಟಕದ ಕಂಪನಿಯವನಂತೆ ಕಾಣುವೆ. ಅಲ್ಲಿ ಹಳೆಯ ಪ್ರೊಫೆಸರುಗಳ ಕಾಲರು ಅಂಚಿನಲ್ಲಿ ಸವೆದಿರುತ್ತಿತ್ತು, ಕೋಟಿನ ಮೊಣಕೈಗೆ ತೇಪೆ ಇರುತ್ತಿತ್ತು. ಎರಡು ಶರ್ಟು, ಒಂದು ಖಾಕಿ ಪ್ಯಾಂಟು ಈಗ ಸಾಕು. ಲೋಫರನ್ನು ಹಿಮ ಕರಗಿದ ಮೇಲೆ ಕೊಳ್ಳಬಹುದು, ಹಿಮ ಕರಗಿಸಲೆಂದು ರಸ್ತೆಗೆ ಎರಚುವ ಉಪ್ಪಿಗೆ ಚರ್ಮ ಬಿಳಿಚಿಕೊಳ್ಳುತ್ತದೆ.

ಹೊರಡುವುದಕ್ಕೆ ಒಂದು ತಿಂಗಳು ಮುಂಚೆಯೇ ಮೈಸೂರಿಗೆ ಬಾ. ನನ್ನ ಕಟಿಂಗ್ ಶಾಪಿನಲ್ಲಿ ಒಮ್ಮೆ ಮಾಡಿಸಿ ನೋಡೋಣ. ಕೆಟ್ಟರೂ ಮತ್ತೆ ಬೆಳೆಯಲು ಸಮಯವಿರುತ್ತದೆ.

ಇತಿ,
ನಿನ್ನ ಮಾವ