ಮಾಳಿಗೆ ಮನೆಗೆ ಈ ಸಲ ಬಾ

ಕೊಪ್ಪಳ

ಪ್ರೀತಿಯ ಮಗಳೇ,

ಗವಿಮಠದ ಜಾತ್ರೆಗೆ ರಜೆ ಹಾಕಿದ್ದೀಯ ಅಂತ ನಿಮ್ಮವ್ವ ಹೇಳಿದಳು. ಊರಿನ ಮಾಳಿಗೆ ಮನೆಯಲ್ಲಿ ಉಳಿಯೋಕೆ ಮಾತ್ರ ಹಿಂದೇಟು ಹಾಕುತ್ತಿದ್ದೀಯ, ಅಲ್ವಾ? ಹೋದ ವರ್ಷದ ಆ ರಾತ್ರಿ ನಾನೂ ಮರೆತಿಲ್ಲ.

ಕೂಸಿಗೆ ಥಂಡಿ ಅಂತ ಶೇಗಡಿಯಲ್ಲಿ ಕೆಂಡ ತುಂಬಿ ಕೋಣೆಯೊಳಗೆ ಇಟ್ಟವನು ನಾನೇ. ಗವಾಕ್ಷಿಗೆ ಗೋಣಿಚೀಲ ಮುಚ್ಚಿದವನೂ ನಾನೇ. ನಡುರಾತ್ರಿ ತಲೆ ಸಿಡಿಯುತ್ತದೆ ಅಂತ ನೀನು ಎದ್ದು ಬಾಗಿಲು ತೆಗೆದೆ. ತೆಗೆಯದೇ ಇದ್ದಿದ್ದರೆ? ಹೊಗೆ ಆಡದ ಕೆಂಡಕ್ಕೆ ಭಯವಿಲ್ಲ ಅಂದುಕೊಂಡಿದ್ದೆ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಹಿಡಿದುಬಿಡುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಇವತ್ತಿಗೂ ಒಮ್ಮೊಮ್ಮೆ ನಿದ್ದೆಯಿಂದ ಎದ್ದು ಕೂರುತ್ತೇನೆ.

ಆ ಶೇಗಡಿ ಇನ್ನು ಒಳಗೆ ಬರುವುದಿಲ್ಲ. ಎಣ್ಣೆ ತುಂಬಿದ ಕರೆಂಟಿನ ಹೀಟರ್ ತಂದಿದ್ದೇನೆ. ಕೆಂಪಗೆ ಕಾಯುವ ಕಾಯಿಲ್ ಹೊರಗೆ ಕಾಣುವುದಿಲ್ಲ. ಆದರೂ ಹೀಟರಿನ ಮೈ ಬಿಸಿಯಾಗುತ್ತದೆ, ಕೂಸನ್ನು ದೂರವೇ ಇಡು; ಅದರ ಮೇಲೆ ಬಟ್ಟೆ ಒಣಗಿಸಬೇಡ. 2000 ವ್ಯಾಟಿನದು, ನಾಲ್ಕು ತಾಸು ಪೂರ್ತಿ ಉರಿದರೆ 8 ಯೂನಿಟ್. ಅಜ್ಜನ ಕಾಲದ ತೆಳು ವೈರ್ ಇದನ್ನು ತಡೆಯುತ್ತಿರಲಿಲ್ಲ. ಮೀಟರ್ ಬೋರ್ಡಿನಿಂದ ಬೇರೆ ದಪ್ಪ ವೈರ್ ಎಳೆಸಿ, ದೊಡ್ಡ ಪ್ಲಗ್ ಕೂರಿಸಿ, ಅರ್ಥಿಂಗ್ ಮಾಡಿಸಿದೆ. ಹೀಟರಿಗಿಂತ ಆ ಕೆಲಸಕ್ಕೇ ಜಾಸ್ತಿ ದಿನ ಹಿಡಿಯಿತು.

ಸ್ನಾನಕ್ಕೆ ಸೋಲಾರ್ ಹಾಕಿಸಿದ್ದೇನೆ, 200 ಲೀಟರಿನದು. ಮಾಳಿಗೆ ಮೇಲೆ ಇಡೋಣ ಅಂದರು, ನಾನು ಒಪ್ಪಲಿಲ್ಲ. ನೀರಿನ ಭಾರವೇ 200 ಕೆ.ಜಿ. ಮಣ್ಣಿನ ಭಾರ ಹೊತ್ತು ಹೊತ್ತು ಜಂತಿಗಳು ಆಗಲೇ ಬಾಗಿವೆ. ಹಿತ್ತಲ ಬಚ್ಚಲಿನ ಆರ್‌ಸಿಸಿ ಮೇಲೆ, ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದ್ದಾರೆ. ನಮ್ಮ ಬೋರಿನ ನೀರು ಗಡಸು, ಕೊಡದ ಒಳಗೆ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀಯಲ್ಲ. ತಾಮ್ರದ ಸಣ್ಣ ಪೈಪಿನದಾದರೆ ಬೇಗ ಕಟ್ಟಿಕೊಳ್ಳುತ್ತದೆ. ಅದಕ್ಕೇ ಗಾಜಿನ ಕೊಳವೆಯದು ತೆಗೆದುಕೊಂಡೆ, ತೊಳೆಯುವುದು ಸುಲಭ. ತಾಮ್ರದ ಹಂಡೆ ತೆಗೆಸೋಕೆ ಮಾತ್ರ ನಿಮ್ಮವ್ವ ಬಿಡಲಿಲ್ಲ. ಒಳ್ಳೆಯದೇ ಆಯಿತು. ಮೋಡ ಕವಿದ ದಿನ ಒಂದು ಹೊರೆ ಹತ್ತಿ ಕಟ್ಟಿಗೆ ಸಾಕು.

ಗೋಡೆ ಮುಟ್ಟಿಲ್ಲ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ನಿಧಾನಕ್ಕೆ ಒಳಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿಯೋದು ಬೇಡ ಅಂದೆ, ಮಣ್ಣು ಉಸಿರಾಡಬೇಕು. ಥಂಡಿ ಬರುತ್ತಿದ್ದದ್ದು ಬಾಗಿಲ ಸಂದಿಯಿಂದ, ಹಾಸುಗಲ್ಲಿನಿಂದ. ಬಾಗಿಲಿಗೆ ಪಟ್ಟಿ ಹೊಡೆಸಿದೆ, ನೆಲಕ್ಕೆ ದಪ್ಪ ಜಮಖಾನ ಹಾಸಿದೆ. ಗವಾಕ್ಷಿಗೆ ಗಾಜಿನ ಮುಚ್ಚಳ ಮಾಡಿಸಿದ್ದೇನೆ, ಪೂರ್ತಿ ಮುಚ್ಚದ ಹಾಗೆ ಒಂದು ಬೆರಳು ಸಂದಿ ಬಿಟ್ಟು. ಅದನ್ನು ಯಾರೂ ತುರುಕಿ ಮುಚ್ಚಬಾರದು.

ಬರುವ ದಿನ ಮೊದಲೇ ತಿಳಿಸು. ಕೂಸಿಗೆ ಅಂತ ನಿಮ್ಮವ್ವ ನಿನ್ನ ಹಳೇ ಸೀರೆಗಳಲ್ಲಿ ಹೊಸ ಕೌದಿ ಹೊಲಿದಿದ್ದಾಳೆ. ಹಿಂದಿನ ದಿನ ಅದನ್ನು ಬಿಸಿಲಿಗೆ ಹಾಕಿಡುತ್ತೇವೆ.

ನಿನ್ನ ಅಪ್ಪ