ಕಲಾ ಇತಿಹಾಸ ಓದಿ ಮನೆಗಳ ಒಳಗೆ ಬಂದವಳ ಪತ್ರ

ಪ್ರೀತಿಯ ಗೆಳೆಯ,

ಕಲಾ ಇತಿಹಾಸ ಓದಿದವರು ಇಂಟೀರಿಯರ್ ಡಿಸೈನ್‌ಗೆ ಬಂದರೆ ಓದಿದ್ದೆಲ್ಲ ಮೂಲೆಗೆ ಬೀಳುತ್ತಾ ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈಚೆಗೆ ಒಂದು ಮನೆ ಮುಗಿಸಿದೆ. ಹಾಲ್‌ನ ಗೋಡೆಗೆ ಬೂದು ಬಣ್ಣ. ಸೋಫಾ ಬಂದ ದಿನ ಮನೆಯವರು ಫೋನ್ ಮಾಡಿ, ಇದು ಬೂದು ಅಲ್ಲ, ನೀಲಿ, ಪೇಂಟರ್ ಬೇರೆ ಡಬ್ಬ ತಂದಿದ್ದಾನೆ ಅಂತ ಸಿಟ್ಟಾದರು. ಹೋಗಿ ನೋಡಿದೆ. ಹೌದು, ನೀಲಿಯಾಗಿಯೇ ಕಾಣುತ್ತಿತ್ತು! ಡಬ್ಬ ಮಾತ್ರ ನಾವು ಆರಿಸಿದ್ದೇ. ಗೋಡೆಗೆ ಒತ್ತಿಕೊಂಡಿದ್ದ ಸೋಫಾ ಕಡು ಕಿತ್ತಳೆ.

ತಕ್ಷಣ ಶೆವ್ರೋಲ್ ನೆನಪಾದ. 1824ರಲ್ಲಿ ಪ್ಯಾರಿಸ್ಸಿನ ಗೊಬ್ಲ್ಯಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಬಂದ ರಸಾಯನಶಾಸ್ತ್ರಜ್ಞ. ಅಲ್ಲಿನ ಕಪ್ಪು ನೂಲು ಪೇಲವ ಅಂತ ದೂರು ಬಂದಾಗ ಅವನು ಪರೀಕ್ಷಿಸಿ ನೋಡಿದರೆ ಕಪ್ಪು ಚೆನ್ನಾಗಿಯೇ ಇತ್ತು, ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ನೂಲುಗಳು ಅದನ್ನು ಮಂಕು ಮಾಡುತ್ತಿದ್ದವು. ಪಕ್ಕದ ಬಣ್ಣ ನಮ್ಮ ಕಣ್ಣಿಗೆ ಕಾಣುವ ಬಣ್ಣವನ್ನೇ ಬದಲಿಸುತ್ತದೆ ಅನ್ನುವುದನ್ನು 1839ರಲ್ಲಿ ಪುಸ್ತಕವಾಗಿ ಬರೆದ. ನಾನು ಏನೂ ವಿವರಿಸಲಿಲ್ಲ, ಸೋಫಾ ಮೇಲೆ ಬಿಳಿ ಬೆಡ್‌ಶೀಟ್ ಹೊದಿಸಿದೆ. ಗೋಡೆ ಮತ್ತೆ ಬೂದು ಆಯಿತು. ಕೊನೆಗೆ ಸೋಫಾದ ಬಟ್ಟೆ ಬದಲಾಯಿತು, ಪೇಂಟರ್ ಮೇಲಿನ ಅನುಮಾನವೂ ಹೋಯಿತು. ನನಗೆ ಆ ಎರಡನೆಯದೇ ಜಾಸ್ತಿ ಸಮಾಧಾನ.

ಹೀಗೆ ಓದಿದ್ದು ಕೈಗೆ ಬರುತ್ತಲೇ ಇರುತ್ತದೆ. ಚಿಕ್ಕ ಮನೆ ಅಂದಾಗ ಡಚ್ ವಾಸ್ತುಶಿಲ್ಪಿ ರೀಟ್‌ವೆಲ್ಡ್ 1924ರಲ್ಲಿ ಯೂಟ್ರೆಕ್ಟ್‌ನಲ್ಲಿ ಕಟ್ಟಿದ ಶ್ರೋಡರ್ ಮನೆ ನೆನಪಾಗುತ್ತದೆ, ಅದರ ಮಹಡಿಯ ಗೋಡೆಗಳನ್ನು ಸರಿಸಿದರೆ ಇಡೀ ಮಹಡಿ ಒಂದೇ ಕೋಣೆ, ಎಳೆದರೆ ಬೇರೆ ಬೇರೆ ಕೋಣೆ. ಮೇಜು ಎಲ್ಲಿಡಬೇಕು ಅಂತ ಯೋಚಿಸುವಾಗ ಡಚ್ ಚಿತ್ರಕಾರ ವರ್ಮೀರ್‌ನ ಚಿತ್ರಗಳಲ್ಲಿ ಬೆಳಕು ತರುವ ಎಡಗಡೆ ಕಿಟಕಿ.

ಆದರೆ ಪ್ಲೈವುಡ್ ದಪ್ಪ, ಸ್ವಿಚ್‌ಬೋರ್ಡ್ ಎತ್ತರ, ಕೆಲಸದವರಿಗೆ ಅರ್ಥವಾಗುವ ಡ್ರಾಯಿಂಗ್, ಇದ್ಯಾವುದೂ ನಮ್ಮ ತರಗತಿಯಲ್ಲಿ ಇರಲಿಲ್ಲ ಅಲ್ವಾ? ಮೊದಲ ವರ್ಷ ನಾನು ಮಾಡಿಸಿದ ವಾರ್ಡ್‌ರೋಬ್ ಬಾಗಿಲು ಮಂಚಕ್ಕೆ ತಗುಲಿ ಅರ್ಧವೇ ತೆರೆಯಿತು. ನನ್ನ ದುಡ್ಡಿನಲ್ಲೇ ಸರಿಮಾಡಿಸಿದೆ. ಆಮೇಲೆ ಬಡಗಿಗಳ ಜೊತೆ ದಿನಗಟ್ಟಲೆ ನಿಂತು ಕಲಿತೆ. ನೀನು ಬಂದರೆ ಮೊದಲು ಅದನ್ನೇ ಮಾಡು, ಸುಮ್ನೆ ಇನ್ನೊಂದು ಡಿಗ್ರಿಗೆ ಸೇರಬೇಡ.

ಈ ಭಾನುವಾರ ನಿನ್ನ ಕೋಣೆಯ ಒಂದು ಗೋಡೆಯನ್ನು ಗಂಟೆಗೊಮ್ಮೆ ನೋಡಿ, ಕಂಡ ಬಣ್ಣ ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಗೆಳತಿ