ರೇಡಾರ್ ಪರದೆಯ ಮುಂದೆ ಕೂರುವ ಅಳಿಯನಿಗೆ

ಚಿರಂಜೀವಿ ಸುಹಾಸನಿಗೆ ಮಾವನ ಆಶೀರ್ವಾದಗಳು.

ನಿನ್ನನ್ನು ಹಡಗಿನ ರೇಡಾರ್ ಕೆಲಸಕ್ಕೆ ಹಾಕಿದ್ದಾರೆಂದು ನಿನ್ನ ಅಮ್ಮ ತಿಳಿಸಿದಳು. ಅದೇ ಕೆಲಸದಲ್ಲಿ ತಲೆ ನರೆತವನಾದ್ದರಿಂದ ಒಂದು ಮಾತು ಹೇಳುತ್ತೇನೆ: ಪರದೆಯ ಮೇಲಿನ ಗುರುತನ್ನೇ ವಿಮಾನವೆಂದು ನಂಬಿಬಿಡಬೇಡ.

ರೇಡಾರ್ ಕಳಿಸಿದ ರೇಡಿಯೋ ಅಲೆ 150 ಕಿ.ಮೀ. ದೂರದ ವಿಮಾನಕ್ಕೆ ತಗುಲಿ ಮರಳಲು ಸೆಕೆಂಡಿನ ಸಾವಿರದ ಒಂದು ಪಾಲು ಸಾಕು. ಆದರೆ ಆಂಟೆನಾ ಸುತ್ತಿದಾಗಲೆಲ್ಲ ಸಿಗುವ ಚುಕ್ಕಿಗಳನ್ನು ಕೂಡಿಸಿದ ಮೇಲೆಯೇ ವೇಗವೂ ಹೋಗುವ ದಿಕ್ಕೂ ತಿಳಿದು ಅದು ಟ್ರ್ಯಾಕ್, ಅಂದರೆ ವಿಮಾನದ ಸಾಗುವ ಜಾಡು, ಆಗುತ್ತದೆ; ನಡುವೆ ಒಂದೆರಡು ಸುತ್ತು ಪ್ರತಿಧ್ವನಿ ಬಾರದಿದ್ದರೂ ಯಂತ್ರವು ಹಳೆಯ ವೇಗವನ್ನೇ ಹಿಡಿದು ಗುರುತನ್ನು ಮುಂದೆ ಸರಿಸುತ್ತಿರುತ್ತದೆ. ನಮ್ಮ ಕಾಲದಲ್ಲಿ ಇದನ್ನು ಕೈಯಲ್ಲೇ ಮಾಡುತ್ತಿದ್ದೆವು. ಪಾರದರ್ಶಕ ಫಲಕದ ಹಿಂದೆ ನಿಂತು, ಎದುರಿನ ಅಧಿಕಾರಿಗೆ ನೆಟ್ಟಗೆ ಕಾಣಲೆಂದು ಅಂಕಿಗಳನ್ನು ಮೇಣದ ಪೆನ್ಸಿಲಿನಿಂದ ಉಲ್ಟಾ ಬರೆಯಬೇಕಿತ್ತು. ಈಗಲೂ ಹಾಲಿನ ಲೆಕ್ಕದಲ್ಲಿ ನನ್ನ 4 ಒಮ್ಮೊಮ್ಮೆ ತಿರುಗಿಕೊಳ್ಳುತ್ತದೆ, ನಿನ್ನ ಅತ್ತೆ ನಗುತ್ತಾಳೆ.

ಭೂಮಿಯ ಬಾಗನ್ನೂ ಮರೆಯಬೇಡ. 25 ಮೀಟರ್ ಎತ್ತರದ ಆಂಟೆನಾಗೆ 10,000 ಮೀಟರ್ ಮೇಲಿನ ವಿಮಾನ 400 ಕಿ.ಮೀ. ಆಚೆಯಿಂದಲೇ ನೇರ ನೋಟಕ್ಕೆ ಸಿಗುತ್ತದೆ. ಅದೇ ವಿಮಾನ ನೀರಿನ ಮೇಲೆ 25 ಮೀಟರಿನಲ್ಲಿ ಬಂದರೆ ಸುಮಾರು 40 ಕಿ.ಮೀ.ವರೆಗೆ ಮರೆಯಲ್ಲೇ ಇರುತ್ತದೆ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಅರ್ಜೆಂಟೀನಾದ ವಿಮಾನಗಳು ಹೀಗೆ ತಗ್ಗಿನಲ್ಲಿ ಬಂದು ಬಿಟ್ಟ ಎಕ್ಸೋಸೆ ಕ್ಷಿಪಣಿ ಬ್ರಿಟನ್ನಿನ ಶೆಫೀಲ್ಡ್ ಹಡಗಿಗೆ ಬಡಿದು 20 ಮಂದಿ ಸತ್ತರು.

ನನ್ನನ್ನು ಹೆಚ್ಚು ಕಾಡುವುದು ಕಾಣದೆ ಹೋದ ವಿಮಾನಕ್ಕಿಂತ, ಸರಿಯಾಗಿ ಕಂಡೂ ತಪ್ಪಾಗಿ ಓದಿದ ವಿಮಾನ. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ಹಡಗು ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿದ್ದ ಇರಾನ್ ಏರ್ 655 ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ, ಅದರಲ್ಲಿದ್ದ 290 ಜನರೂ ಸತ್ತರು. ವಿಮಾನ ಏರುತ್ತಿತ್ತು, ಯಂತ್ರದ ದಾಖಲೆಯೂ ಹಾಗೆಯೇ ಇತ್ತು. ಆದರೆ ದಾಳಿಗೆ ಬರುವಂತೆ ಇಳಿಯುತ್ತಿದೆಯೆಂದು ಹಡಗಿನ ನಿಯಂತ್ರಣ ಕೊಠಡಿಯಲ್ಲಿ ಕೂಗಿದರು. ಗುರುತಿಸಲು ಯಂತ್ರ ಕೊಡುವ ಅದರ ಟ್ರ್ಯಾಕ್ ಸಂಖ್ಯೆ 4474 ಇದ್ದದ್ದು ನಡುವೆ 4131 ಆಗಿ, ಹಳೆಯ ಸಂಖ್ಯೆ ದೂರದ ಬೇರೊಂದು ವಿಮಾನಕ್ಕೆ ಹೋಗಿತ್ತು, ಹಳೆಯ ಸಂಖ್ಯೆ ಹಿಡಿದು ಕೇಳಿದರೆ ಆ ಬೇರೆ ವಿಮಾನದ ಅಂಕಿಗಳೇ ಸಿಗುತ್ತಿದ್ದವು ಎಂಬುದು ಆಮೇಲಿನ ವಿಶ್ಲೇಷಣೆಯಲ್ಲಿ ಹೊರಬಂತು. ಇದನ್ನು ನೆನೆದರೆ ನನಗೆ ಇಂದಿಗೂ ಕೈ ತಣ್ಣಗಾಗುತ್ತದೆ.

ಆದ್ದರಿಂದ ಮೇಲಿನವರು ಬರಿಯ ಸಂಖ್ಯೆ ಹೇಳಿ ಕೇಳಿದರೂ ನೀನು ದಿಕ್ಕು, ದೂರಗಳನ್ನು ಸೇರಿಸಿಯೇ ಉತ್ತರ ಕೊಡು. ಎತ್ತರದ ಅಂಕಿಯನ್ನು ಎರಡು ಸಲ, ನಡುವೆ ಕೆಲವು ಕ್ಷಣ ಬಿಟ್ಟು, ಓದಿದ ಮೇಲೆಯೇ ಏರುತ್ತಿದೆ ಅಥವಾ ಇಳಿಯುತ್ತಿದೆ ಎಂದು ಹೇಳು. ಗದರಿದರೆ ಗದರಲಿ.

ಇಂತಿ ನಿನ್ನ ಮಾವ